ಪಲ್ಲವಿ ಮುಗಿಯದ ಹಾಡು

"2003ರ ಸುಮಾರಿಗೆ ಕಜಾ ಅನ್ನೋ ಫೈಲ್ ಹಂಚಿಕೊಳ್ಳುವ ಸಾಫ್ಟ್‌ವೇರ್‌ನಲ್ಲಿ ಇಳಿಸಿಕೊಂಡ ಎಷ್ಟೋ ಹಾಡುಗಳಲ್ಲಿ ಪಲ್ಲವಿ ಒಂದೇ ಮತ್ತೆ ಮತ್ತೆ ಬರುತ್ತಿತ್ತು. ಯಾರಾದರೂ ಬೇಕಂತಲೇ ಮಾಡಿದ್ದಾ?" ಅಂತ ಕೇಳಿದ್ದೀರಿ.

ಹೌದು, ಬೇಕಂತಲೇ. ಅದೂ ಮ್ಯೂಸಿಕ್ ಕಂಪನಿಗಳು ದುಡ್ಡು ಕೊಟ್ಟು ಮಾಡಿಸಿದ್ದು, ಪುಕ್ಕಟೆ ಇಳಿಸಿಕೊಳ್ಳುವವರನ್ನು ಸತಾಯಿಸೋಕೆ. ಓವರ್‌ಪೀರ್, ಮೀಡಿಯಾಡಿಫೆಂಡರ್ ಅನ್ನೋ ಕಂಪನಿಗಳ ಕೆಲಸವೇ ಇಂಥ ನಕಲಿ ಫೈಲ್ ಹರಿಬಿಡೋದು. ಹೆಸರು, ಸೈಜು ಎಲ್ಲ ಅಸಲಿ ಹಾಡಿನ ಹಾಗೇ ಇರುತ್ತಿತ್ತು, ಒಳಗೆ ಮಾತ್ರ ಜೊಳ್ಳು.

ನಾನೂ ಬೇಸ್ತು ಬಿದ್ದವನೇ. ಸೈಬರ್ ಕೆಫೆಯಲ್ಲಿ ನಾಲ್ಕು ಎಂಬಿ ಹಾಡಿಗೆ ಅರ್ಧ ಗಂಟೆ ಕಾದು ಕೂತಿದ್ದೆ. ಕೇಳಿದರೆ ಇಪ್ಪತ್ತು ಸೆಕೆಂಡ್ ಪಲ್ಲವಿ, ಆಮೇಲೆ ಮತ್ತದೇ ಪಲ್ಲವಿ. ಹೆಡ್‌ಫೋನ್ ಕೆಟ್ಟಿದೆ ಅಂತ ಪಕ್ಕದ ಸಿಸ್ಟಮ್‌ದು ಕಿತ್ತು ಹಾಕಿಕೊಂಡು ಇನ್ನೊಂದು ಸಲ ಕೇಳಿದ್ದೆ!

ಪಾಪ್ ಗಾಯಕಿ ಮಡೋನಾ 2003ರಲ್ಲಿ 'ಅಮೆರಿಕನ್ ಲೈಫ್' ಆಲ್ಬಮ್ ಹೊತ್ತಿಗೆ ಇನ್ನೂ ಜೋರು ಮಾಡಿದಳು. ಹಾಡು ಅಂತ ಇಳಿಸಿಕೊಂಡವರಿಗೆ ಅವಳದೇ ದನಿಯಲ್ಲಿ ಕೆಟ್ಟ ಬೈಗುಳ. ಕೆಲವೇ ದಿನಗಳಲ್ಲಿ ಯಾರೋ ಅವಳ ವೆಬ್‌ಸೈಟಿಗೇ ನುಗ್ಗಿ, ಅಸಲಿ ಹಾಡುಗಳನ್ನು ಅಲ್ಲೇ ಹಾಕಿಬಿಟ್ಟರು.

ಕಜಾ ಇದಕ್ಕೆ ಸುಲಭದ ತುತ್ತಾಗಿದ್ದಕ್ಕೆ ಒಂದು ಕಾರಣ ಇದೆ. ಎರಡು ಫೈಲ್ ಒಂದೇನಾ ಅಂತ ನೋಡುವಾಗ ಅದು ಫೈಲನ್ನು ಪೂರ್ತಿ ಪರೀಕ್ಷೆ ಮಾಡುತ್ತಿರಲಿಲ್ಲ. ಶುರುವಿನ 300 ಕೆಬಿ, ಆಮೇಲೆ ಅಲ್ಲಲ್ಲಿ ಒಂದೊಂದು ಅಷ್ಟೇ ದೊಡ್ಡ ತುಂಡು, ಕೊನೆಗೆ ತುದಿಯಲ್ಲೊಂದಿಷ್ಟು. ಮೂಟೆಯ ಬಾಯಿಂದ, ತಳದಿಂದ ಒಂದೊಂದು ಹಿಡಿ ಅಕ್ಕಿ ನೋಡಿ ವ್ಯಾಪಾರ ಮುಗಿಸಿದ ಹಾಗೆ. ನೋಡದ ಜಾಗದಲ್ಲಿ ಕಲ್ಲು ತುಂಬಿದರೂ ಅದರ ಲೆಕ್ಕದಲ್ಲಿ ಫೈಲ್ ಅಸಲಿಯೇ. ಒಂದೇ ಹಾಡನ್ನು ನಾಲ್ಕಾರು ಜನರಿಂದ ತುಂಡು ತುಂಡಾಗಿ ಎಳೆದುಕೊಳ್ಳುತ್ತಿದ್ದೆವು ಅಲ್ವಾ, ಅವರಲ್ಲಿ ಒಬ್ಬನದು ಜೊಳ್ಳಾದರೂ ಸಾಕು, ಹಾಡಿನ ನಡುವೆ ಕಿರ್ರ್ ಅನ್ನೋ ಸದ್ದು.

ಕೆಲಸ ಮಾಡಿತಾ ಅಂದರೆ, ಸ್ವಲ್ಪ ಕಾಲ ಮಾಡಿತು. ಹೊಸ ಆಲ್ಬಮ್ ಬಂದ ಮೊದಲ ಕೆಲವು ವಾರ ಜನರನ್ನು ಸತಾಯಿಸಿದರೆ ಮ್ಯೂಸಿಕ್ ಕಂಪನಿಗಳಿಗೆ ಸಾಕಿತ್ತು ಅನ್ನಿಸುತ್ತೆ. ನಮ್ಮ ಸೋಮಾರಿತನವೂ ಅವರಿಗೆ ಒದಗಿ ಬಂತು. ಜೊಳ್ಳು ಅಂತ ಗೊತ್ತಾದರೂ ಡಿಲೀಟ್ ಮಾಡದೆ ಶೇರ್ ಫೋಲ್ಡರಿನಲ್ಲೇ ಬಿಡುತ್ತಿದ್ದೆವು. ಅಲ್ಲಿಂದ ಅದು ಇನ್ನೊಬ್ಬನಿಗೆ.

ಫೈಲ್ ಹಂಚಿಕೊಳ್ಳುವ ಇನ್ನೊಂದು ವ್ಯವಸ್ಥೆ ಬಿಟ್‌ಟೊರೆಂಟ್ ಜನಪ್ರಿಯವಾದ ಮೇಲೆ ಈ ಆಟ ಕಷ್ಟವಾಯಿತು. ಅದು ಪ್ರತಿ ತುಂಡನ್ನೂ ತಾಳೆ ನೋಡಿ, ಹೊಂದದಿದ್ದರೆ ಎಸೆಯುತ್ತೆ. 2005ರ ಕೊನೆಗೆ ಓವರ್‌ಪೀರ್ ಬಾಗಿಲು ಹಾಕಿತು. 2007ರಲ್ಲಿ ಮೀಡಿಯಾಡಿಫೆಂಡರ್‌ನ ಸಾವಿರಾರು ಒಳಗಿನ ಇಮೇಲ್‌ಗಳು ಹೊರಬಿದ್ದವು. ಜನ ಅದನ್ನು ಹಂಚಿಕೊಂಡಿದ್ದೂ ಟೊರೆಂಟ್‌ನಲ್ಲೇ.