ಆಪ್ ಪಟ್ಟಿ ಜೋಡಿಸೋ ಬಗ್ಗೆ ಕೇಳಿದ್ರಲ್ಲ, ಅದಕ್ಕೆ

ಅಣ್ಣ, ಕೋಲಾರದ ರೈತರಿಗೆ ಅಂತ ಮಾಡ್ತಿರೋ ಆಪ್ ಅಂಗಡೀಲಿ 'ಟೊಮೆಟೊ' ಅಂತ ಹುಡುಕಿದ್ರೆ ಏನೂ ಬರಲ್ಲ, ಇಬ್ಬರೇ ಸ್ಟಾರ್ ಕೊಟ್ಟಿರೋ ಆಪ್ ಮೇಲೆ ಕೂತಿರುತ್ತೆ ಅಂದ್ರಿ. ಎರಡೂ ಬೇರೆ ಬೇರೆ ರೋಗ.

ಸ್ಟಾರಿನದು ಸುಲಭ. ಬರೀ ಸರಾಸರಿ ಹಿಡಿದು ಜೋಡಿಸಬೇಡಿ. ಪ್ರತಿ ಆಪ್‌ಗೂ ಅಂಗಡಿಯ ಒಟ್ಟು ಸರಾಸರಿಯಷ್ಟೇ ಸ್ಟಾರ್ ಇರೋ 10 ಓಟು (ಯಾರೂ ಹಾಕಿದ್ದಲ್ಲ, ಲೆಕ್ಕಕ್ಕೆ ಮಾತ್ರ) ಸೇರಿಸಿ ಲೆಕ್ಕ ಹಾಕಿ. ಅಂಗಡಿ ಸರಾಸರಿ 3.5 ಅಂತಿಟ್ಕೊಳ್ಳಿ: ಇಬ್ಬರು 5 ಕೊಟ್ಟ ಆಪ್ 3.75ಕ್ಕೆ ಇಳಿಯುತ್ತೆ, 80 ಜನ ಸರಾಸರಿ 4.4 ಕೊಟ್ಟಿದ್ದು 4.3ರಲ್ಲೇ ನಿಲ್ಲುತ್ತೆ. ಈ ಅಂಕ ಜೋಡಿಸೋಕೆ ಮಾತ್ರ. ತೋರಿಸೋವಾಗ ನಿಜವಾದ ಸರಾಸರಿ, ಪಕ್ಕದಲ್ಲಿ ಎಷ್ಟು ಜನ ಅನ್ನೋದು ಇರಲಿ.

ಹುಡುಕಾಟದ್ದೇ ತಲೆನೋವು. ಟೊಮೆಟೊ, ಟೊಮ್ಯಾಟೊ, ಟಮಾಟ, ಇಂಗ್ಲಿಷ್ ಅಕ್ಷರದಲ್ಲೂ ಬರೀತಾರೆ. ಹೊರಗೆ ಕಾಣದ ಒಂದು 'ಅಡ್ಡಹೆಸರು' ಕಾಲಂ ಇಟ್ಟು ಎಲ್ಲಾ ರೂಪಾನೂ ತುಂಬಿ. ದಿಶಾಂಕ್ ಅನ್ನೋ ಹೆಸರು ನೋಡಿ ಸರ್ವೆ ನಂಬರ್ ತೋರಿಸೋ ಆಪ್ ಅಂತ ಯಾರಿಗೆ ಹೊಳೆಯುತ್ತೆ? ಅದಕ್ಕೆ 'ಸರ್ವೆ ನಂಬರ್, ಜಮೀನು ನಕ್ಷೆ', ದಾಮಿನಿಗೆ 'ಸಿಡಿಲು', ಮೇಘದೂತಕ್ಕೆ 'ಮಳೆ, ಹವಾಮಾನ' ಹಾಕಿ. ಆಪ್ ಏನು ಮಾಡುತ್ತೆ ಅನ್ನೋ ಈ ಪದಗಳನ್ನ ಮಾತ್ರ ಒಂದು ಸಾಲಾಗಿ ಹೆಸರಿನ ಕೆಳಗೂ ತೋರಿಸಿ.

ಇಷ್ಟಾದ ಮೇಲೂ ಸಿಗಲಿಲ್ಲ ಅಂದ್ರೆ ಯೂನಿಕೋಡ್, ಅಂದ್ರೆ ಕಂಪ್ಯೂಟರ್ ಒಳಗೆ ಅಕ್ಷರ ಗುರುತಿಸೋ ಸಂಕೇತ, ನೋಡಿ. 'ಟೊ'ನಲ್ಲಿರೋ ಒ-ಕಾರ ಒಂದೇ ಚಿಹ್ನೆಯಾಗಿರಬಹುದು, ಇಲ್ಲಾ ಎ-ಕಾರ, ಊ-ಕಾರದ ಎರಡು ಚಿಹ್ನೆ ಸೇರಿ ಆಗಿರಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ. ಹುಡುಕೋ ಪದ, ಪಟ್ಟಿಯ ಪದ ಎರಡನ್ನೂ ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನ ಸೇರಿಸಿ ಒಂದೇ ಮಾಡೋ) ರೂಪಕ್ಕೆ ತನ್ನಿ, ಜಾವಾಸ್ಕ್ರಿಪ್ಟ್‌ನಲ್ಲಿ ನಾರ್ಮಲೈಸ್ ಅಂತಾನೇ ಇದೆ. 'ಆಪ್‌ಗಳು' ಥರದ ಪದದ ಮಧ್ಯೆ ಅಡಗಿರೋ ಕಾಣದ ಜೋಡಣೆ ಅಕ್ಷರಗಳನ್ನೂ ಹೋಲಿಸೋ ಮುಂಚೆ ಕಿತ್ತುಹಾಕಿ.

ಅಕಾರಾದಿಗೆ ಮಾಮೂಲಿ ಸಾರ್ಟ್ ಬೇಡ: ಇಂಗ್ಲಿಷ್ ಹೆಸರೆಲ್ಲಾ ಮೊದಲು ಬಂದು, ಕನ್ನಡದ್ದು ತಳಕ್ಕೆ ಹೋಗುತ್ತೆ. ಜಾವಾಸ್ಕ್ರಿಪ್ಟ್‌ನಲ್ಲೇ ಇರೋ, ಭಾಷೆಯ ಅಕ್ಷರಕ್ರಮದಲ್ಲಿ ಜೋಡಿಸೋ ಇಂಟ್ಲ್ ಕೊಲೇಟರ್‌ಗೆ ಕನ್ನಡ ಭಾಷೆ ಕೊಡಿ, ಆಮೇಲೆ ಯಾವ ಲಿಪಿ ಮೊದಲು ಅಂತ ನೀವೇ ತೀರ್ಮಾನಿಸಿ.

'ಕೃಷಿ' ಅಂತ ಒಂದೇ ವಿಭಾಗ ಇದ್ರೆ ವಿಭಾಗ ಇಲ್ಲದ ಹಾಗೇ. ಮಂಡಿ ದರ, ಮಳೆ, ರೋಗ-ಕೀಟ, ಪಹಣಿ, ರೇಷ್ಮೆ ಗೂಡು, ಹಾಲು ಅಂತ ಕೆಲಸದ ಮೇಲೆ ಒಡೀರಿ. ಒಂದು ಆಪ್ ಎರಡು ಕಡೆ ಇದ್ರೂ ಪರವಾಗಿಲ್ಲ. 'ಹೊಸದು' ಅನ್ನೋದಕ್ಕೆ ಅಪ್‌ಡೇಟ್ ತಾರೀಕು ಬೇಡ, ಪಟ್ಟಿಗೆ ಸೇರಿದ ತಾರೀಕು ಹಿಡೀರಿ. ಇಲ್ಲಾಂದ್ರೆ ವಾರಕ್ಕೊಂದು ಚಿಲ್ಲರೆ ಅಪ್‌ಡೇಟ್ ಬಿಡೋರೇ ಮೇಲಿರ್ತಾರೆ.

ಏನೂ ಸಿಗದ ಹುಡುಕಾಟಗಳನ್ನ ಒಂದು ಕಡೆ ಬರೆದಿಟ್ಕೊಳ್ಳೋ ಹಾಗೆ ಮಾಡಿ, ಹುಡುಕಿದವರ ಹೆಸರು, ನಂಬರ್ ಬೇಡ, ಪದ ಸಾಕು. ವಾರಕ್ಕೊಮ್ಮೆ ಅದನ್ನ ನೋಡಿ ಅಡ್ಡಹೆಸರಿನ ಕಾಲಂಗೆ ಸೇರಿಸ್ತಾ ಹೋಗಿ.