ಓದುಗರ ಪ್ರಶ್ನೆ: ನೀಲಿ ಪದರದಲ್ಲಿ ಹಳದಿ ಚುಕ್ಕೆ

ಪ್ರಶ್ನೆ: ಸೀಸವಿಲ್ಲದ ಪೆರೋವ್‌ಸ್ಕೈಟ್ (ಸೋಲಾರ್ ಸೆಲ್‌ಗೆ ಬಳಸುವ ಒಂದು ಬಗೆಯ ಹರಳು) ಎಂದು ಸೀಸಿಯಂ ಕಾಪರ್ ಅಯೊಡೈಡ್ (ಸೀಸಿಯಂ, ತಾಮ್ರ, ಅಯೋಡಿನ್ 3:2:5) ಪದರ ಮಾಡುತ್ತಿದ್ದೇವೆ. 365 ನ್ಯಾನೋಮೀಟರ್‌ನ ಯುವಿ (ನೇರಳಾತೀತ) ಟಾರ್ಚ್ ಹಿಡಿದರೆ ಏನೂ ಹೊಳೆಯುವುದಿಲ್ಲ. 254ರ ದೀಪದಲ್ಲಿ ನೀಲಿ ಬರುತ್ತದೆ, ಆದರೆ ನಡುನಡುವೆ ಹಳದಿ ಚುಕ್ಕೆಗಳು. ಎಲ್ಲಿ ಎಡವಿದ್ದೇವೆ? ಇದರಿಂದ ಸೋಲಾರ್ ಸೆಲ್ ಮಾಡಬಹುದೇ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಪುಣೆ

ಉತ್ತರ: ಹೆಸರು ಹಾಗೆ ಓಡಾಡುತ್ತಿದೆ ನಿಜ, ಆದರೆ ಇದು ಪೆರೋವ್‌ಸ್ಕೈಟ್ ಅಲ್ಲ. ಪೆರೋವ್‌ಸ್ಕೈಟ್‌ನಲ್ಲಿ ಅಷ್ಟಮುಖಿಗಳು ಮೂಲೆಗೆ ಮೂಲೆ ಕೂಡಿ ಜಾಲವಾಗಿರುತ್ತವೆ. ಇಲ್ಲಿ ಎರಡು ತಾಮ್ರ, ಐದು ಅಯೋಡಿನ್‌ನ ಗುಂಪುಗಳು ಸೀಸಿಯಂ ನಡುವೆ ಬಿಡಿಬಿಡಿಯಾಗಿ ಕೂತಿವೆ. ಹೀರಿದ ಶಕ್ತಿ ಗುಂಪಿನಲ್ಲೇ ಸಿಕ್ಕಿಕೊಂಡು 445 ನ್ಯಾನೋಮೀಟರ್ ಆಸುಪಾಸಿನ ನೀಲಿಯಾಗಿ ಹೊರಬರುತ್ತದೆ. ಹೀರುವುದು ಮಾತ್ರ ಸುಮಾರು 330ಕ್ಕಿಂತ ಕೆಳಗಿನ ಬೆಳಕನ್ನು. 365ರ ಟಾರ್ಚ್ ದಂಡ. ಸಾದಾ ಗಾಜು 254ನ್ನು ತಡೆಯುತ್ತದೆ, ಆದ್ದರಿಂದ ಸ್ಲೈಡಿನ ಪದರವಿರುವ ಬದಿಗೇ ದೀಪ ಹಿಡಿಯಿರಿ. ಕಣ್ಣಿಗೆ ಯುವಿ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು.

ಹಳದಿ ಚುಕ್ಕೆ ಇದೇ ಧಾತುಗಳ 1:2:3 ಸಂಯುಕ್ತ. ಸೀಸಿಯಂ ಕಡಿಮೆಯಾದಲ್ಲೆಲ್ಲ ಅದು ತಲೆ ಎತ್ತುತ್ತದೆ. 5 ಮಿ.ಲೀ. ಡಿಎಂಎಸ್‌ಒ ಎಂಬ ದ್ರಾವಕಕ್ಕೆ ಸೀಸಿಯಂ ಅಯೊಡೈಡ್ 779 ಮಿ.ಗ್ರಾಂ., ಕ್ಯುಪ್ರಸ್ (ತಾಮ್ರದ) ಅಯೊಡೈಡ್ 381 ಮಿ.ಗ್ರಾಂ. ಬೇಕು. ಜುಲೈಯ ಪುಣೆಯಲ್ಲಿ ತೆರೆದಿಟ್ಟ ಸೀಸಿಯಂ ಅಯೊಡೈಡ್ ತೂಕದ ಶೇ. 5 ನೀರಾಗಿದ್ದರೂ 39 ಮಿ.ಗ್ರಾಂ. ಖೋತಾ! ಓವನ್‌ನಲ್ಲಿ 120 ಡಿಗ್ರಿಗೆ ಒಣಗಿಸಿ, ಡೆಸಿಕೇಟರ್‌ನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ತಣಿಸಿ, ಆಮೇಲೆ ತೂಗಿ. ದ್ರಾವಣ ಕಂದು ತಿರುಗಿದರೆ ತಾಮ್ರ ಉತ್ಕರ್ಷಿಸಿ ಅಯೋಡಿನ್ ಬಿಟ್ಟಿದೆ ಎಂದರ್ಥ, ಅದನ್ನು ಉಳಿಸಿಕೊಳ್ಳಬೇಡಿ. ಹೊಸ ಪದರದಲ್ಲೇ ಚುಕ್ಕೆಯಿದ್ದರೆ ಮೊದಲು ತೂಕವನ್ನು ಅನುಮಾನಿಸಿ. ಮರುದಿನ ಕಂಡರೆ ಅದು ತೇವದ ಕೆಲಸ: ನೀರು ಪದರದಿಂದ ಸೀಸಿಯಂ ಅಯೊಡೈಡನ್ನೇ ಕರಗಿಸಿ ಎಳೆದುಕೊಳ್ಳುತ್ತದೆ.

ಸೋಲಾರ್ ಸೆಲ್ ಆಸೆ ಬಿಡಿ. ಕಣ್ಣಿಗೆ ಕಾಣುವ ಬೆಳಕು ಇದನ್ನು ಹಾಗೇ ದಾಟಿ ಹೋಗುತ್ತದೆ. ಯುವಿ ಡಿಟೆಕ್ಟರ್, ಎಕ್ಸ್-ರೇ ಬಿದ್ದರೆ ಮಿನುಗುವ ಫಲಕ, ಇವು ಇದರ ಜಾಗ.

ಪ್ರಶ್ನೆ: ಟಿವಿ ರಿಮೋಟ್‌ನ ಸಿಗ್ನಲ್ ಹಿಡಿಯಲು ಎಲ್‌ಡಿಆರ್ (ಬೆಳಕು ಬಿದ್ದರೆ ವಿದ್ಯುತ್ ರೋಧ ಇಳಿಯುವ ಬಿಡಿಭಾಗ) ಹಾಕಿದೆ. ಏನೂ ಸಿಗುತ್ತಿಲ್ಲ. ಯಾಕೆ?
— ಓದುಗರು, ವಾಸ್ಕೊ

ಉತ್ತರ: ಎಲ್‌ಡಿಆರ್‌ನ ಕ್ಯಾಡ್ಮಿಯಂ ಸಲ್ಫೈಡ್‌ಗೆ ಹಸಿರು ಬೆಳಕು ಚೆನ್ನಾಗಿ ಕಾಣುತ್ತದೆ, ರಿಮೋಟ್‌ನ 940 ನ್ಯಾನೋಮೀಟರ್ ಅವಗೆಂಪು ಬೆಳಕಲ್ಲ. ಕಂಡರೂ ಅದು ನಿಧಾನಿ, ಮಿಲಿಸೆಕೆಂಡುಗಳ ಲೆಕ್ಕ. ರಿಮೋಟ್ ಸಾಮಾನ್ಯವಾಗಿ ಸೆಕೆಂಡಿಗೆ 38,000 ಸಲ ಮಿನುಗುತ್ತದೆ. ಬಿಪಿಡಬ್ಲ್ಯು34 ಸಿಲಿಕಾನ್ ಫೋಟೊಡಯೋಡ್ ಹಾಕಿ, ರಿವರ್ಸ್ ಬಯಾಸ್‌ನಲ್ಲಿ (ವೋಲ್ಟೇಜ್ ತಿರುಗುಮುರುಗಾಗಿ ಕೊಟ್ಟು). ಕೋಡ್ ಮಾತ್ರ ಸಾಕೆಂದರೆ 38 ಕಿಲೊಹರ್ಟ್ಸ್‌ನ ಮೂರು ಕಾಲಿನ ರಿಸೀವರ್ ಇನ್ನೂ ಸಲೀಸು.