ಲ್ಯಾಬ್ ಕಂಪ್ಯೂಟರಿನಲ್ಲಿ ಬಿಟ್ಟುಹೋದ ಆಧಾರ್

ಪ್ರಶ್ನೆ: ಕ್ಯಾಂಪಸ್ ವೈಫೈನಲ್ಲಿ ನಾನು ಏನೇನು ನೋಡುತ್ತೇನೆ ಅಂತ ಕಾಲೇಜಿನವರಿಗೆ ಗೊತ್ತಾಗುತ್ತದೆಯೇ? ನಾನಂತೂ ಬ್ರೌಸರಿನ ಇನ್‌ಕಾಗ್ನಿಟೋ (ಹಿಸ್ಟರಿ ಉಳಿಸದ ಖಾಸಗಿ ಕಿಟಕಿ) ಬಿಟ್ಟು ಬೇರೆ ತೆರೆಯುವುದೇ ಇಲ್ಲ.
– ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಮತ್ತೆ ಅದೇ ಪ್ರಶ್ನೆ. ವಾರಕ್ಕೆ ಮೂರಾದರೂ ಬರುತ್ತವೆ. ಇನ್‌ಕಾಗ್ನಿಟೋ ತೆರೆದ ಕೂಡಲೇ ಪರದೆಯ ಮೇಲೇ ಬರೆದಿರುತ್ತದೆ, ನಿಮ್ಮ ಕಾಲೇಜಿಗೆ, ಇಂಟರ್ನೆಟ್ ಕೊಡುವವರಿಗೆ ಇದು ಕಾಣಬಹುದು ಅಂತ. ಯಾರೂ ಓದುವುದಿಲ್ಲ. ಅದು ಅಳಿಸುವುದು ಬ್ರೌಸರಿನ ಹಿಸ್ಟರಿ ಮತ್ತು ಕುಕೀಗಳನ್ನು ಮಾತ್ರ.

ವೈಫೈಗೆ ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಟ್ಟ ನಿಮ್ಮ ನೋಂದಣಿ ಸಂಖ್ಯೆ) ಹಾಕಿ ಲಾಗಿನ್ ಆಗುತ್ತೀರಿ ಅಲ್ವಾ? ಅಲ್ಲಿಂದ ಫೈರ್‌ವಾಲ್, ಅಂದರೆ ಕಾಲೇಜಿನ ಇಂಟರ್ನೆಟ್ಟಿನ ಕಾವಲುಗಾರ, ಇಡುವ ದಾಖಲೆಯಲ್ಲಿ (ಲಾಗ್) ಸಾಲು ಸಾಲಾಗಿ ಬೀಳುತ್ತದೆ: ಸಮಯ, ಯುಎಸ್‌ಎನ್, ಹೋದ ಸೈಟಿನ ಹೆಸರು, ಎಷ್ಟು ಎಂಬಿ. ಸೈಟಿನ ವಿಳಾಸದಲ್ಲಿ ಎಚ್‌ಟಿಟಿಪಿಎಸ್ (ಗೂಢಲಿಪಿಯ ಸಂಪರ್ಕ) ಇದ್ದರೆ ಒಳಗಿನದು ಕಾಣಿಸುವುದಿಲ್ಲ. ಯೂಟ್ಯೂಬಿಗೆ ಹೋದಿರಿ ಅಂತ ಗೊತ್ತು, ಯಾವ ವಿಡಿಯೋ ಅಂತ ಗೊತ್ತಿಲ್ಲ. ಆದರೆ 'ವೈಫೈ ಬೇಕಾದರೆ ಈ ರೂಟ್ ಸರ್ಟಿಫಿಕೇಟ್ ಹಾಕಿಕೊಳ್ಳಿ' ಅಂದಿದ್ದಾರೆಯೇ? ಅದನ್ನು ಹಾಕಿಕೊಂಡರೆ ನಿಮ್ಮ ಸಾಧನ ಕಾಲೇಜಿನ ಫೈರ್‌ವಾಲನ್ನೇ ಅಸಲಿ ಸೈಟ್ ಅಂತ ನಂಬುತ್ತದೆ, ಆಗ ಫೈರ್‌ವಾಲ್ ಒಳಗೂ ಇಣುಕಬಲ್ಲದು. ಅಂಥ ಕಡೆ ನಾನು ಬ್ಯಾಂಕಿನ ಕೆಲಸ ಮಾಡುವುದಿಲ್ಲ, ನೀವೂ ಮಾಡಬೇಡಿ.

ಲಾಗ್ ಇಡುವುದು ಕಾಲೇಜಿನ ಸಿಸ್ಟಂ ಅಡ್ಮಿನ್‌ಗಳಾದ ನಮಗೇನೂ ಖುಷಿಯಲ್ಲ. 180 ದಿನಗಳ ಲಾಗ್ ದೇಶದೊಳಗೇ ಇಟ್ಟಿರಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲಿನಲ್ಲೇ ನಿರ್ದೇಶನ ಹೊರಡಿಸಿದೆ. ಪೊಲೀಸರ ಪತ್ರ ಬಂದಾಗ, ಅಥವಾ ಹಾಸ್ಟೆಲಿನಲ್ಲಿ ಯಾರೋ ರಾತ್ರಿಯಿಡೀ ಟೊರೆಂಟ್ ಹಚ್ಚಿದಾಗ ತೆಗೆದು ನೋಡುತ್ತೇವೆ. ಉಳಿದಂತೆ ನೀವು ಯಾವ ಸೈಟಿಗೆ ಹೋದಿರಿ ಅಂತ ಕೂತು ಓದಲು ಯಾವ ಸಿಸ್ಟಂ ಅಡ್ಮಿನ್‌ಗೂ ಪುರುಸೊತ್ತಿಲ್ಲ. ಓದುವುದಿಲ್ಲ ಅಂದೆ, ಓದಲು ಬರುವುದಿಲ್ಲ ಅನ್ನಲಿಲ್ಲ.

ನೀವು ಹೆದರಬೇಕಾದ್ದು ನನಗಲ್ಲ, ನೀವು ಎದ್ದ ಮೇಲೆ ಅದೇ ಕುರ್ಚಿಯಲ್ಲಿ ಬಂದು ಕೂರುವವರಿಗೆ. ಒಮ್ಮೆ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಸ್ಕಾಲರ್‌ಶಿಪ್ ಅರ್ಜಿಯ ಗಲಾಟೆ ಮುಗಿದ ಮೇಲೆ ಒಂದು ಲ್ಯಾಬಿನ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಲು ಕೂತೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇ-ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ, ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್. ಒಬ್ಬರದ್ದಲ್ಲ, ಹದಿನೇಳು ಮಂದಿಯದು. 'ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಸರ್' ಅಂದಳು ಒಬ್ಬ ಹುಡುಗಿ. ಇದೆಯಮ್ಮಾ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಮುಂದೆ ಹುಟ್ಟಿದ ವರ್ಷ. ಎರಡೂ ಪಕ್ಕದ ಮಾರ್ಕ್ಸ್ ಕಾರ್ಡಿನಲ್ಲೇ ಇವೆ.

ಇನ್‌ಕಾಗ್ನಿಟೋ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ, ಲ್ಯಾಬಿನ ಕಂಪ್ಯೂಟರಿನಲ್ಲಿ. ಕಿಟಕಿ ಮುಚ್ಚಿದರೆ ಲಾಗಿನ್ ಹೋಗುತ್ತದೆ. ಇಳಿಸಿಕೊಂಡ ಫೈಲ್ ಮಾತ್ರ ಹೋಗುವುದಿಲ್ಲ, ಅದನ್ನು ಶಿಫ್ಟ್ ಒತ್ತಿ ಡಿಲೀಟ್ ಮಾಡಬೇಕು. ಕ್ರೋಮಿಗೇ ಸೈನ್ ಇನ್ ಆಗಿ ಸಿಂಕ್ ಒತ್ತಿಬಿಟ್ಟರೆ ಮನೆಯ ಪಾಸ್‌ವರ್ಡ್‌ಗಳೆಲ್ಲ ಲ್ಯಾಬಿಗೆ ಇಳಿದ ಹಾಗೆ. ವಾಟ್ಸ್ಯಾಪಿನಲ್ಲಿ 'ಲಿಂಕ್ಡ್ ಡಿವೈಸಸ್' ಈಗಲೇ ತೆರೆದು ನೋಡಿ. ಹೋದ ಸೆಮಿಸ್ಟರಿನ ಲ್ಯಾಬ್ ಇನ್ನೂ ಅಲ್ಲೇ ಇರಬಹುದು.

ಪ್ರಶ್ನೆ: ಫೈರ್‌ವಾಲ್ ದಾಟಿಸುವ ಉಚಿತ ವಿಪಿಎನ್ ಆ್ಯಪಿನ ಎಪಿಕೆ ಫೈಲ್ ಟೆಲಿಗ್ರಾಂನಲ್ಲಿ ಸಿಕ್ಕಿದೆ. ಹಾಕಿಕೊಳ್ಳಲೇ?

ವಿಪಿಎನ್ ಹಾಕಿದರೆ ನಿಮ್ಮ ಇಂಟರ್ನೆಟ್ ಎಲ್ಲ ಅದನ್ನು ನಡೆಸುವವನ ಸರ್ವರಿನ ಮೂಲಕ ಹೋಗುತ್ತದೆ. ಕಾಲೇಜಿಗೆ ಕಾಣಬಾರದು ಅಂತ ಊರು-ಹೆಸರು ಗೊತ್ತಿಲ್ಲದವನ ಕೈಗೆ ಎಲ್ಲ ಕೊಡುತ್ತೀರಾ? ಸರ್ವರಿನ ಬಾಡಿಗೆಯನ್ನು ಅವನು ಸುಮ್ನೆ ಕಟ್ಟುತ್ತಾನೆಯೇ?

ಪ್ರಶ್ನೆ: ಕಾಲೇಜಿನ ಜಿಮೇಲಿನಿಂದ ಒಂದು ಮೇಲ್ ಡಿಲೀಟ್ ಮಾಡಿ ಟ್ರ್ಯಾಶ್ ಕೂಡ ಖಾಲಿ ಮಾಡಿದ್ದೇನೆ. ಈಗ ನಿಶ್ಚಿಂತೆಯೇ?

ಇಲ್ಲ. ಆಮೇಲೂ 25 ದಿನ ಅಡ್ಮಿನ್ ಅದನ್ನು ವಾಪಸ್ ತರಬಹುದು. ಅದು ಕಾಲೇಜಿನ ಖಾತೆ, ನಿಮ್ಮದಲ್ಲ.

ಪ್ರಶ್ನೆ: ನಮ್ಮ ವಿಭಾಗದವರು ಎಲ್ಲರ ಅಂಕ, ಫೋನ್ ನಂಬರ್ ಒಂದೇ ಎಕ್ಸೆಲ್ ಫೈಲಿನಲ್ಲಿ ಹಾಕಿ ವಾಟ್ಸ್ಯಾಪ್ ಗುಂಪಿಗೆ ಬಿಡುತ್ತಾರೆ. ಕೇಳುವ ಹಕ್ಕು ನಮಗಿಲ್ಲವೇ?

ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿತು. ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಡೇಟಾ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ. ಗುಂಪಿನಲ್ಲೇ ಜಗಳ ಆಡಬೇಡಿ. ಪ್ರಿನ್ಸಿಪಾಲರಿಗೆ ಲಿಖಿತವಾಗಿ ಕೊಡಿ, ನಕಲಿಗೆ ಸೀಲು ಹಾಕಿಸಿಕೊಳ್ಳಿ.

ಪ್ರಶ್ನೆ: ಗೆಳತಿಯ ಕಾಲೇಜು ಮೇಲ್ ಅವಳಿಗೆ ಗೊತ್ತಾಗದಂತೆ ತೆರೆಯುವ ದಾರಿ ಹೇಳಿ ಸರ್.

ಐಟಿ ಕಾಯ್ದೆಯ 66ಸಿ ಓದಿ, ಬೇರೆಯವರ ಪಾಸ್‌ವರ್ಡ್ ಮೋಸದಿಂದ ಬಳಸುವುದರ ಬಗ್ಗೆ ಇದೆ. ಮೂರು ವರ್ಷದವರೆಗೆ ಜೈಲು.